ಮಗ್ಗದ ಕುಳಿಗೆ ಗೆದ್ದಲು ಬಂದ ಆಟಿ

ಆಗೆಲ್ಲ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದದ್ದು ಲಾಳಿಯ ಸದ್ದಿಗೆ. ಅಪ್ಪ ಮಗ್ಗದ ಕುಳಿಯೊಳಗೆ ಕಾಲು ಇಳಿಬಿಟ್ಟು ಕುಳಿತು ಮೊದಲ ಸಲ ಲಾಳಿ ಎಸೆದರೆಂದರೆ ನಾನು ಚಾಪೆ ಸುತ್ತಿಡಬೇಕು. ಟಕ್ ಟಕಾ, ಟಕ್ ಟಕಾ. ನಿಮ್ಮಲ್ಲಿ ಕೆಲವರ ಮನೆಯಲ್ಲೂ ಹೀಗೊಂದು ಸದ್ದು ಇದ್ದಿರಬಹುದು. ಬೀಡಿ ಎಲೆಯ ಕತ್ತರಿಯದೋ, ಹೊಲಿಗೆ ಮಿಷನ್ನಿನದೋ. ನಮ್ಮ ಮನೆಯದು ಮಗ್ಗದ್ದು.

ಕಾಪುವಿನಿಂದ ಶಿರ್ವದ ಕಡೆ ಹೋಗುವ ಬಸ್ಸಿನಲ್ಲಿ ಅರ್ಧ ದಾರಿಗೆ ಇಳಿದು, ಗದ್ದೆಯ ಬದುವಿನಲ್ಲಿ ಹತ್ತು ನಿಮಿಷ ನಡೆದರೆ ನಮ್ಮ ಮನೆ. ಹಂಚಿನ ಮಾಡು, ಸೆಗಣಿ ಸಾರಿಸಿದ ನೆಲ. ನಾವು ನಾಲ್ಕು ಜನ: ಅಪ್ಪ, ಅಮ್ಮ, ಅಪ್ಪನ ತಾಯಿ, ಅಂದರೆ ನನ್ನ ಅಜ್ಜಿ, ಮತ್ತೆ ನಾನು. ಅಡುಗೆಮನೆ ಬಿಟ್ಟರೆ ಉಳಿದದ್ದು ಒಂದೇ ದೊಡ್ಡ ಕೋಣೆ. ಅದರಲ್ಲಿ ಮುಕ್ಕಾಲು ಪಾಲು ಮಗ್ಗ. ಮಿಕ್ಕ ಜಾಗದಲ್ಲಿ ನಾವು ಉಣ್ಣುತ್ತಿದ್ದೆವು, ಮಲಗುತ್ತಿದ್ದೆವು. ಒಂದು ಕಾಲದಲ್ಲಿ ನಮ್ಮ ಸುತ್ತಮುತ್ತಲಿನ ಎಲ್ಲ ಮನೆಗಳಲ್ಲೂ ಮಗ್ಗ ಇತ್ತಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ನಮ್ಮದೊಂದೇ ಉಳಿದಿತ್ತು.

ಅಪ್ಪ ನೇಯುತ್ತಿದ್ದದ್ದು ಉಡುಪಿ ಸೀರೆ. ನೂಲು ಕೊಡುವುದು ನೇಕಾರರ ಸೊಸೈಟಿಯವರು, ನೇಯ್ದ ಸೀರೆ ತೆಗೆದುಕೊಳ್ಳುವುದೂ ಅವರೇ. ಅಜ್ಜಿ ಚರಕದ ಮುಂದೆ ಕುಳಿತು ಲಾಳಿಯೊಳಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಶಾಲೆಯಿಂದ ಬಂದ ಮೇಲೆ ಆ ಕೆಲಸ ನನ್ನದು. ನೂಲಿಗೆ ಕುಚ್ಚಲಕ್ಕಿಯ ಗಂಜಿ ಹಾಕಿದ ದಿನ ಮನೆಯಿಡೀ ಹುಳಿ ಹುಳಿ ವಾಸನೆ. ಮಳೆಗಾಲದಲ್ಲಂತೂ ಆ ವಾಸನೆಯ ಜೊತೆಗೆ ಒದ್ದೆ ಮಣ್ಣು, ಒಲೆಯಲ್ಲಿ ಸುಡುವ ಹಲಸಿನ ಬೀಜ, ಒಣಗದ ಲಂಗ ಎಲ್ಲದರ ವಾಸನೆಯೂ ಸೇರಿಕೊಳ್ಳುತ್ತಿತ್ತು. ಈಗಲೂ ಎಲ್ಲಾದರೂ ಗಂಜಿ ಉಕ್ಕಿ ಒಲೆಗೆ ಬಿದ್ದರೆ ಒಂದು ಕ್ಷಣ ನಾನು ಆ ಕೋಣೆಯಲ್ಲಿರುತ್ತೇನೆ.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಮಳೆ ಬೇಗ ಹಿಡಿಯಿತು. ಜೂನ್ ಮುಗಿಯುವುದರೊಳಗೆ ಮಗ್ಗದ ಹಿಂದಿನ ಕಂಬದ ಬುಡದಲ್ಲಿ ಒಂದು ಮಣ್ಣಿನ ಗೆರೆ ಎದ್ದಿತ್ತು. ಪೆನ್ಸಿಲಿನಷ್ಟು ದಪ್ಪ, ಒಂದು ಗೇಣು ಉದ್ದ. ಮೊದಲು ನೋಡಿದ್ದು ನಾನು. ಕಡ್ಡಿಯಿಂದ ಗೀಚಿದೆ. ಒಳಗಿಂದ ಬಿಳಿ ಹುಳಗಳು ಗಾಬರಿಯಾಗಿ ಓಡಾಡಿದವು. ಮರುದಿನ ನೋಡಿದರೆ ಮುರಿದ ಜಾಗ ಸರಿಯಾಗಿತ್ತು. ಮತ್ತೆ ಮುರಿದೆ, ಮತ್ತೆ ಕಟ್ಟಿದವು. ಹೊರಗೆ ಆಡಲು ಮಳೆ ಬಿಡದ ದಿನಗಳಲ್ಲಿ ನನಗದು ಚಂದದ ಆಟ. ಕಂಡಿಕೆ ಸುತ್ತಿ ಮುಗಿಸಿ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕುಳಿತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದರೆ ಗುಡಿಸಿ ಹಾಕುತ್ತಾರೆ, ನನ್ನ ಆಟ ಹೋಗುತ್ತದೆ ಎಂದಷ್ಟೇ ನನ್ನ ಲೆಕ್ಕ. ಹೀಗೆ ಮೂರು ವಾರವಾದರೂ ಕಳೆದಿರಬೇಕು. ಅಪ್ಪನಿಗೆ ಇದನ್ನು ನಾನು ಇವತ್ತಿಗೂ ಹೇಳಿಲ್ಲ.

ಆಟಿ ತಿಂಗಳು ಬಂತು. ಗದ್ದೆ ಕೆಲಸ ಮುಗಿದು ಎಲ್ಲರೂ ಮನೆಯೊಳಗೇ ಇರುವ ತಿಂಗಳು. ಅಟ್ಟದ ಮೇಲಿಟ್ಟ ಚೆನ್ನೆಮಣೆ ಇಳಿಸಿ ಆಡುವುದು ಆ ತಿಂಗಳಲ್ಲಿ ಮಾತ್ರ. ಏಳೇಳು ಗುಳಿಗಳ ಎರಡು ಸಾಲು, ಅದರಲ್ಲಿ ಮಂಜೊಟ್ಟಿ ಕಾಯಿ ಹಂಚಿ ಆಡುವ ಆಟ. ಅಜ್ಜಿಯನ್ನು ಅದರಲ್ಲಿ ಸೋಲಿಸಿದವರಿಲ್ಲ. ಅಮ್ಮ ಏಣಿ ಹತ್ತಿ ಮಣೆ ತೆಗೆದು ಕೆಳಗೆ ಚಾಚಿದಳು. ನಾನು ಹಿಡಿದುಕೊಂಡೆ. ಮಣೆ ರೊಟ್ಟಿಯಷ್ಟು ಹಗುರ ಇತ್ತು. ನೆಲಕ್ಕೆ ಇಡುವಾಗಲೇ ಎರಡಾಗಿ ಮುರಿದು, ಒಳಗಿಂದ ಕೆಂಪು ಪುಡಿ ಸುರಿಯಿತು.

“ಒರಲೆ” ಎಂದರು ಅಜ್ಜಿ. ಗೆದ್ದಲಿಗೆ ಅವರು ಹಾಗೆಯೇ ಹೇಳುವುದು. ಮಣೆಯನ್ನು ಮುಟ್ಟಿಯೂ ನೋಡದೆ ಅಪ್ಪನ ಕಡೆ ತಿರುಗಿದರು. “ಮಗಾ, ಮಗ್ಗ ನೋಡು.”

ಅಪ್ಪ ಲಾಳಿ ಕೆಳಗಿಟ್ಟು, ಕುಳಿಯಿಂದ ಎದ್ದು ಹಿಂದೆ ಬಂದರು. ಬೆರಳ ಗೆಣ್ಣಿನಿಂದ ಕಂಬಕ್ಕೆ ಬಡಿದರು. ಮೇಲೆ ಬಡಿದಾಗ ಗಟ್ಟಿ ಸದ್ದು ಬಂತು. ಕೆಳಗೆ ಬರಬರುತ್ತ ಸದ್ದು ಮೆತ್ತಗಾಯಿತು. ಬುಡದಲ್ಲಿ ಬಡಿದಾಗ ಸದ್ದೇ ಬರಲಿಲ್ಲ, ಬೆರಳು ಒಳಗೆ ಹೋಯಿತು.

ಆ ಮಗ್ಗವನ್ನು ಕಟ್ಟಿಸಿದ್ದು ಅಜ್ಜ, ಹಿತ್ತಲಿನದೇ ಹಲಸಿನ ಮರದಿಂದ. ಮಗ್ಗ ಕಟ್ಟಲು ಗೊತ್ತಿದ್ದ ಆಚಾರಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅವರ ಮಕ್ಕಳು ಕಿಟಕಿ ಬಾಗಿಲು ಮಾಡುತ್ತಿದ್ದರು. ಇದು ಹೋದರೆ ಇನ್ನೊಂದು ಮಾಡಿಕೊಡುವವರಿಲ್ಲ ಎಂಬುದು ನನಗೂ ಗೊತ್ತಿತ್ತು.

ಮೊದಲು ಸೀಮೆಎಣ್ಣೆ. ರೇಷನ್ನಿನದು ಅಷ್ಟನ್ನೂ ಅಪ್ಪ ಕಂಬದ ಬುಡಕ್ಕೆ ಸುರಿದರು. ಆ ವಾರ ಚಿಮಣಿಗೆ ಎಣ್ಣೆ ಇರಲಿಲ್ಲ, ಕರೆಂಟು ಹೋದಾಗ ಕತ್ತಲೆಯಲ್ಲೇ ಉಂಡೆವು. ನಾಲ್ಕು ದಿನಕ್ಕೆ ಗೆರೆ ಇನ್ನೊಂದು ಕಂಬದಲ್ಲಿ ಎದ್ದಿತು. ಆಮೇಲೆ ಉಪ್ಪು, ಅರಸಿನ, ಅಮ್ಮ ಎಲ್ಲಿಂದಲೋ ತಂದ ಹೊಗೆಸೊಪ್ಪಿನ ನೀರು. ಕಾಪುವಿನ ಗ್ಯಾರೇಜಿನಿಂದ ಅಪ್ಪ ಒಂದು ಕ್ಯಾನ್ ಕರಿ ಓಯಿಲ್ ತಂದು ಬಳಿದರು. ಗಂಜಿಯ ವಾಸನೆ ಹೋಗಿ ಮನೆಗೆ ಬಸ್ ಸ್ಟ್ಯಾಂಡಿನ ವಾಸನೆ ಬಂತು. ಮಗ್ಗದ ಮೇಲೆ ಆಗ ಹಸಿರು ಮೈಯ, ಕೆಂಪು ಅಂಚಿನ ಸೀರೆ ಇತ್ತು. ಓಯಿಲ್ ತಾಗಬಾರದೆಂದು ಅದಕ್ಕೆ ಅಜ್ಜಿ ತಮ್ಮ ಹಳೆಯ ಸೀರೆಗಳನ್ನು ಸುತ್ತಿ ಕಟ್ಟಿದರು.

ಎಂತ ಹಾಕಿದರೂ ಗೆರೆ ಮತ್ತೆ ಏಳುತ್ತಿತ್ತು. ಪಕ್ಕದ ಮನೆಯ ವಾಸು ಅಣ್ಣ ಬಾವಿ ತೋಡುವವರು. ಅವರು ಬಂದು ಕುಳಿಯೊಳಗೆ ಇಳಿದು ನೋಡಿದರು.

“ಮೇಲೆ ಹಾಕಿ ಎಂತ ಪ್ರಯೋಜನ ಮಾರಾಯ? ರಾಣಿ ಕೆಳಗೆ ಉಂಟು. ಅದನ್ನು ತೆಗೀಬೇಕು.”

“ತೆಗಿಯುವ” ಎಂದರು ಅಪ್ಪ.

ಒಂದು ಆದಿತ್ಯವಾರ ಬೆಳಿಗ್ಗೆ ಇಬ್ಬರೂ ಸೇರಿ ಕುಳಿಯ ಗೋಡೆ ಅಗೆದರು. ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಹೊರಗೆ ಹಾಕಿದ್ದು ಅಮ್ಮ ಮತ್ತು ನಾನು. ಕೈ ಹೋಗುವಷ್ಟು ಅಗಲದ ಒಂದು ಬಿಲ ಸಿಕ್ಕಿತು. ಅದರ ಬೆನ್ನು ಹಿಡಿದು ಹೋದರು. ಬಿಲ ಗೋಡೆಯ ಅಡಿಯಿಂದ ದಾಟಿ ಹಿತ್ತಲಿಗೆ ಬಂತು. ಹಿತ್ತಲಲ್ಲಿ ಅಗೆಯುತ್ತ ಅಗೆಯುತ್ತ ವಾಸು ಅಣ್ಣ ಒಮ್ಮೆಲೇ ನಿಂತರು. ಪಿಕ್ಕಾಸು ಬಿಟ್ಟು ತಲೆಗೆ ಸುತ್ತಿದ ಬೈರಾಸು ಬಿಚ್ಚಿದರು.

“ಇದು ಬನದ ಕಡೆ ಹೋಗ್ತದೆ.”

ನಮ್ಮ ಹಿತ್ತಲ ಗಡಿಯಲ್ಲೇ ನಾಗಬನ. ದೊಡ್ಡ ಮರಗಳ ಕತ್ತಲೆ, ನಡುವೆ ನಾಗನ ಕಲ್ಲುಗಳು, ಕಲ್ಲುಗಳ ಹಿಂದೆ ನನಗಿಂತ ಎತ್ತರದ ಹುತ್ತ. ಅಲ್ಲಿ ಎಲೆ ಬಿದ್ದರೂ ಯಾರೂ ಹೆಕ್ಕುತ್ತಿರಲಿಲ್ಲ.

ಅಪ್ಪ ಮನೆಯ ಕಡೆ ತಿರುಗಿದರು. “ಅಮ್ಮಾ” ಎಂದು ಕರೆದರು. ಅಜ್ಜಿ ಜಗಲಿಯಿಂದ ಇಳಿದು ಬಂದರು. ಬಿಲ ನೋಡಿದರು, ಬನ ನೋಡಿದರು.

“ಮುಚ್ಚು” ಎಂದರು.

“ಮುಚ್ಚಿದರೆ ಮಗ್ಗ ಹೋಗ್ತದೆ ಅಮ್ಮಾ.”

“ನನಗೆ ಗೊತ್ತಿಲ್ವಾ? ಅಲ್ಲಿಗೆ ಕೈ ಹಾಕಿ ಆಮೇಲೆ ಈ ಮಗುವಿಗೆ ಏನಾದರೂ ಆದರೆ ಯಾರ ಹತ್ರ ಹೋಗ್ತಿ? ಮುಚ್ಚು.”

ಅಪ್ಪ ಬುಟ್ಟಿ ಎತ್ತಿಕೊಂಡರು. ಹೊತ್ತು ಹಾಕಿದ ಮಣ್ಣನ್ನೆಲ್ಲ ನಾವೇ ಮತ್ತೆ ಹೊತ್ತು ತಂದು ಸುರಿದೆವು. ವಾಸು ಅಣ್ಣ ಊಟಕ್ಕೆ ನಿಲ್ಲಲಿಲ್ಲ.

ಅದರ ಮರುದಿನ ಅಪ್ಪ ನನ್ನನ್ನು ಶಾಲೆಗೆ ಕಳಿಸದೆ ಉಡುಪಿಗೆ ಕರೆದುಕೊಂಡು ಹೋದರು. ಗೆದ್ದಲಿನ ಮದ್ದಿನ ಡಬ್ಬದ ಮೇಲೆ ಬರೆದದ್ದನ್ನು ಓದಲು ಜನ ಬೇಕಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಹೋಟೆಲಿನಲ್ಲಿ ಬನ್ಸ್ ಕೊಡಿಸಿದರು, ತಾವು ಬರೀ ಚಾ ಕುಡಿದರು. ಗೊಬ್ಬರದ ಅಂಗಡಿಯವರು ಕೇಳಿದರು, “ಮನೆಗಾ, ತೋಟಕ್ಕಾ?”

“ಮಗ್ಗಕ್ಕೆ.”

“ಎಂತಕ್ಕೆ?”

ಅಪ್ಪ ವಿವರಿಸಿದರು. ಮಗ್ಗ, ಕುಳಿ, ಬಿಲ, ಬನ. ಅಂಗಡಿಯವರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು.

“ಮನೆ ಸುತ್ತ ತೂತು ಹೊಡೆದು ಹಾಕ್ಬೇಕು ಇದನ್ನು. ಬಾವಿ ಎಷ್ಟು ದೂರ ಉಂಟು?”

“ಹತ್ತಿರವೇ. ಎಂಟು ಮಾರು ಇದ್ದೀತು.”

“ಹಾಗಾದ್ರೆ ಬೇಡ. ಮಳೆಗಾಲ ಬೇರೆ, ನೀರಿಗೆ ಇಳಿದರೆ ಕಷ್ಟ. ಮಕ್ಕಳಿರುವ ಮನೆ ಅಲ್ವಾ? ಬೇಕಾದ್ರೆ ಕುಳಿಗೆ ಮಾತ್ರ ಸ್ವಲ್ಪ ಹಾಕಿ. ಆದರೆ ನಿಲ್ತದೆ ಅಂತ ನಾನು ಹೇಳುದಿಲ್ಲ.”

ಮಾರುವವರೇ ಹಾಗೆ ಹೇಳಿದ ಮೇಲೂ ಅಪ್ಪ ಸಣ್ಣ ಡಬ್ಬ ಒಂದನ್ನು ಕೊಂಡರು. ಹಿಂದೆ ಬರುವಾಗ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು, ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು.

ಮದ್ದು ಹಾಕಿದ ಮೇಲೆ ಮೂರು ದಿನ ನಾವು ವಾಸು ಅಣ್ಣನ ಜಗಲಿಯಲ್ಲಿ ಮಲಗಿದೆವು. ತಿರುಗಿ ಬಂದಾಗ ಕುಳಿಯಲ್ಲಿ ಸತ್ತ ಹುಳಗಳು ಅಕ್ಕಿ ಚೆಲ್ಲಿದ ಹಾಗೆ ಬಿದ್ದಿದ್ದವು. ಅಪ್ಪ ನಕ್ಕದ್ದನ್ನು ಆ ಮಳೆಗಾಲದಲ್ಲಿ ನಾನು ನೋಡಿದ್ದು ಅವತ್ತೊಂದೇ ದಿನ. ಅಮ್ಮ ಕೆಸುವಿನ ಎಲೆಯ ಪತ್ರೊಡೆ ಮಾಡಿದಳು. ಮತ್ತೆ ಎರಡು ವಾರ ಬೆಳಿಗ್ಗೆ ಟಕ್ ಟಕಾ ಕೇಳಿಸಿತು. “ಅಷ್ಟಮಿ ಕಳೆಯಲಿ, ನಿನ್ನನ್ನೂ ಮಗ್ಗಕ್ಕೆ ಕೂರಿಸ್ತೇನೆ” ಎಂದರು ಅಪ್ಪ. ನನ್ನ ಕಾಲು ಕುಳಿಯ ತುಳಿಮಣೆಗೆ ಮುಟ್ಟುತ್ತದೋ ಇಲ್ಲವೋ ಎಂದು ಒಮ್ಮೆ ಕೂರಿಸಿ ನೋಡಿದರು. ಮುಟ್ಟಿತು.

ಆಮೇಲೆ ಗೆದ್ದಲುಗಳು ನೆಲದಿಂದ ಬರಲಿಲ್ಲ. ಮಾಡಿನಿಂದ, ಗೋಡೆಯ ಒಳಗಿನಿಂದ ಇಳಿದು ಬಂದವು. ಒಂದು ದಿನ ಶಾಲೆಯಿಂದ ಬಂದು ಮಗ್ಗದ ಹಿಂದೆ ಹೋದೆ. ಹಾಸಿನ ನೂಲು ಸುತ್ತಿಟ್ಟ ದಿಂಡಿನ ಮೇಲೆ ಒದ್ದೆ ಮಣ್ಣಿನ ತೆಳು ಪದರ ಇತ್ತು. ಬೆರಳಿಂದ ಸರಿಸಿದೆ. ಕೆಳಗೆ ಹಸಿರು ನೂಲು ತುಂಡು ತುಂಡಾಗಿ ಪುಡಿಯಂತೆ ಬಂತು. ಗಂಜಿ ಕುಡಿದ ನೂಲು, ಅವಕ್ಕೆ ಇಷ್ಟವಾಗದೆ ಇರುತ್ತದೆಯೇ?

ಈ ಸಲ ನಾನು ಕೂಡಲೇ ಕೂಗಿದೆ.

ಅಪ್ಪ ಬಂದು ನೋಡಿದವರೇ ಕತ್ತರಿ ತೆಗೆದುಕೊಂಡರು. ಅಜ್ಜಿ ಅವರ ಕೈ ಹಿಡಿದರು.

“ಕತ್ತರಿಸಬೇಡ. ನಾನು ಗಂಟು ಹಾಕ್ತೇನೆ.”

“ಎಷ್ಟು ನೂಲು ಹೋಗಿದೆ ನೋಡಮ್ಮಾ. ಆಗುವ ಮಾತಾ ಇದು?”

“ನಿನಗೆ ಎಂತ? ಹಾಕುವವಳು ನಾನಲ್ವಾ?”

ಅಜ್ಜಿ ಮಗ್ಗದ ಹಿಂದೆ ಮಣೆ ಹಾಕಿ ಕುಳಿತರು. ಪಕ್ಕದಲ್ಲಿ ನಾನು. ತುಂಡಾದ ನೂಲಿನ ಎರಡು ತುದಿ ಹುಡುಕಿ ಕೊಡುವುದು ನನ್ನ ಕೆಲಸ. ಅವರು ಎಂಜಲು ಮುಟ್ಟಿಸಿ, ಹೊಸೆದು, ಗಂಟು ಹಾಕುತ್ತಿದ್ದರು. ಕಣ್ಣಿಗೆ ಕಾಣದಿದ್ದಾಗ ನೂಲನ್ನು ಕೆನ್ನೆಗೆ ತಾಗಿಸಿ ನೋಡುತ್ತಿದ್ದರು. ಬೆಳಿಗ್ಗೆಯಿಂದ ಸಂಜೆಯವರೆಗೆ, ಹೀಗೆ ಐದು ದಿನ. ಶಾಲೆಗೆ ಹೋಗು ಎಂದು ಯಾರೂ ನನಗೆ ಹೇಳಲಿಲ್ಲ. ನಾವು ಈ ಬದಿಯಲ್ಲಿ ಗಂಟು ಹಾಕುವಾಗ ಅವು ಆ ಬದಿಯಲ್ಲಿ ತಿನ್ನುತ್ತಿದ್ದವು. ಅದು ಅಜ್ಜಿಗೂ ಕಾಣುತ್ತಿತ್ತು ಎಂದು ನನಗೆ ಈಗ ಅನಿಸುತ್ತದೆ.

ಆರನೆಯ ದಿನ ಅಪ್ಪ ಕುಳಿಗಿಳಿದು ಕುಳಿತರು. ಬೇಡವೆಂದು ಅಮ್ಮ ಎರಡು ಸಲ ಹೇಳಿದಳು. ಅಜ್ಜಿ ಎದುರಿಗೇ ಕುಳಿತಿದ್ದರಲ್ಲ, ಅದಕ್ಕೇ ಅಪ್ಪ ಕುಳಿತದ್ದು. ಲಾಳಿ ಎಸೆದರು. ಒಂದು ಸಾಲು, ಎರಡು ಸಾಲು. ಮೂರನೆಯದಕ್ಕೆ ನೂಲು ಒತ್ತುವ ಹಣಿಗೆಯನ್ನು ಎಳೆದು ಬಡಿದಾಗ ಹಿಂದಿನ ಕಂಬ ಬುಡದಿಂದ ಕಳಚಿ, ನಿಧಾನವಾಗಿ ವಾಲಿ, ಹಾಸನ್ನೆಲ್ಲ ಎಳೆದುಕೊಂಡು ಬಿತ್ತು. ದೊಡ್ಡ ಸದ್ದೇನೂ ಆಗಲಿಲ್ಲ. ಅದರಲ್ಲಿ ಸದ್ದು ಮಾಡುವಷ್ಟು ಮರ ಉಳಿದಿರಲಿಲ್ಲ.

ಅಜ್ಜಿ ಎದ್ದು ಸೆರಗು ಕೊಡವಿಕೊಂಡು ಹೊರಗೆ ಹೋದರು.

ಅರ್ಧ ನೇಯ್ದ ಸೀರೆಯನ್ನು ಅಪ್ಪ ಕತ್ತರಿಸಿ, ಮಡಚಿ, ಸೊಸೈಟಿಗೆ ಕೊಟ್ಟು ಬಂದರು. ನೂಲು ಅವರದ್ದು. ಮಗ್ಗದ ತುಂಡುಗಳನ್ನು ಅಮ್ಮ ಬಚ್ಚಲ ಒಲೆಗೆ ಹಾಕಿದಳು. ಕಾಗದದ ಹಾಗೆ ಭಗ್ಗನೆ ಹತ್ತಿ ಉರಿದವು. ಅವು ಮುಗಿಯುವವರೆಗೆ ಅಜ್ಜಿ ತಣ್ಣೀರಿನಲ್ಲೇ ಮಿಂದರು. ಕುಳಿಗೆ ಮಣ್ಣು ತುಂಬಿಸಿ, ಮೇಲೆ ಸಿಮೆಂಟು ಹಾಕಿಸಿದೆವು. ಕೋಣೆ ಒಮ್ಮೆಲೇ ದೊಡ್ಡದಾಯಿತು. ಅಷ್ಟು ದೊಡ್ಡ ಕೋಣೆಯಲ್ಲಿ ಎಲ್ಲಿ ಮಲಗುವುದೆಂದು ತಿಳಿಯದೆ ನಾವು ಹಳೆಯ ಮೂಲೆಯಲ್ಲೇ ಒತ್ತೊತ್ತಾಗಿ ಮಲಗುತ್ತಿದ್ದೆವು. ದೀಪಾವಳಿಯ ಹೊತ್ತಿಗೆ ಅಪ್ಪ ಮಣಿಪಾಲದ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಆಗಿದ್ದರು. ಅಜ್ಜಿ ಮುಂದಿನ ಆಟಿ ನೋಡಲಿಲ್ಲ.

ಈಗ ಉಡುಪಿ ಸೀರೆಗೆ ಮತ್ತೆ ಬೇಡಿಕೆ ಬಂದಿದೆ ಎನ್ನುತ್ತಾರೆ. ಕಾರ್ಕಳದ ಕಡೆ ಹೆಣ್ಣುಮಕ್ಕಳಿಗೆ ನೇಯ್ಗೆ ಕಲಿಸುತ್ತಾರೆಂದು ಕೇಳಿ, ಹೋದ ವರ್ಷ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಕಬ್ಬಿಣದ ಚೌಕಟ್ಟಿನ ಮಗ್ಗಗಳು, ಗೆದ್ದಲಿನ ಹೆದರಿಕೆ ಇಲ್ಲ. ಅಪ್ಪ ಒಂದರ ಮುಂದೆ ಕುಳಿತರು. ಲಾಳಿ ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದರು. ಎಸೆದದ್ದು ನಡುವೆಯೇ ಸಿಕ್ಕಿಕೊಂಡಿತು. ನೂಲು ಕಣ್ಣಿಗೆ ಕಾಣಲಿಲ್ಲ, ಮೊಣಕಾಲು ಮಡಚಲಾಗಲಿಲ್ಲ. ಕಲಿಸುವ ಹುಡುಗಿ ಒಳ್ಳೆಯವಳು. “ಪರವಾಗಿಲ್ಲ ಮಾಮ, ನೀವು ಆಗ ನೇಯ್ದ ಸೀರೆ ಒಂದು ಇದ್ದರೆ ತನ್ನಿ, ಮಕ್ಕಳಿಗೆ ತೋರಿಸುವ” ಎಂದಳು.

ಮನೆಗೆ ಬಂದು ಕಪಾಟು, ಟ್ರಂಕು, ಅಟ್ಟ ಎಲ್ಲ ಹುಡುಕಿದೆ. ಮಿಲ್ಲಿನ ಸೀರೆಗಳು ಸಿಕ್ಕಿದವು. ಅಮ್ಮ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು.

“ಎಂತ ಹುಡುಕ್ತಾ ಇದ್ದಿ?”

ಹೇಳಿದೆ.

“ನಮ್ಮ ಹತ್ರ ಎಲ್ಲಿಂದ?” ಎಂದಳು ಅಮ್ಮ. “ನೇಯ್ದದ್ದೆಲ್ಲ ಸೊಸೈಟಿಗೆ ಹೋಗ್ತಿತ್ತಲ್ಲ. ಒಂದನ್ನಾದರೂ ನಾವು ಯಾವಾಗ ಉಟ್ಟದ್ದು?”