ಕಣ್ಣಿನೊಳಗೆ ನಿಂತವಳು

ನನ್ನ ಸೋದರತ್ತೆಯ ನಾಲಿಗೆ ಅವಳ ಊರು ಬೇರಿಕೆಯ ಸುತ್ತಮುತ್ತ ಹೆಸರುವಾಸಿ. ಜಗಳಕ್ಕಲ್ಲ. ಕಣ್ಣಿಗೆ ಬಿದ್ದ ಕಸವನ್ನು ಆಕೆ ನಾಲಿಗೆಯಿಂದ ತೆಗೆಯುತ್ತಿದ್ದಳು. ಹೊಟ್ಟೋ ಧೂಳೋ ಬಿದ್ದರೆ ಜನ ಕಣ್ಣು ಮುಚ್ಚಿಕೊಂಡು, ಯಾರದಾದರೂ ಕೈ ಹಿಡಿದು ಆಕೆಯ ಜಗಲಿಗೆ ಬರುತ್ತಿದ್ದರು. ಆಕೆ ಬಾಯಿ ಮುಕ್ಕಳಿಸಿ, ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ರೆಪ್ಪೆ ಬಿಡಿಸಿ, ಕಣ್ಣುಗುಡ್ಡೆಯ ಮೇಲೆ ನಾಲಿಗೆ ಆಡಿಸುತ್ತಿದ್ದಳು. ಸಿಕ್ಕಿದ್ದನ್ನು ಹೆಬ್ಬೆರಳ ಉಗುರಿನ ಮೇಲಿಟ್ಟು ತೋರಿಸಬೇಕು, ಅದು ಕಟ್ಟಳೆ. ಎಲೆ ಅಡಿಕೆ ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ.

ಆಕೆಯ ಎಡಗಣ್ಣಿನಲ್ಲಿ ಹೂವು ಬಿದ್ದಿತ್ತು. ಕರಿಗುಡ್ಡೆಯ ಮೇಲೆ ಸುಣ್ಣದಂಥ ಬಿಳಿ ಕಲೆ. ಚಿಕ್ಕಂದಿನಲ್ಲಿ ಸಿಡುಬು ಬಂದಾಗ ಆದದ್ದು. ಊರವರು ಸಿಡುಬು ಅನ್ನುತ್ತಿರಲಿಲ್ಲ, ಅಮ್ಮ ಬಂದಿದ್ದಳು ಅನ್ನುತ್ತಿದ್ದರು. ಕಣ್ಣು ತೆಗೆದುಕೊಂಡ ಆ ಅಮ್ಮನೇ ಬದಲಿಗೆ ಇಂಥ ನಾಲಿಗೆ ಕೊಟ್ಟಳೆಂದು ಎಲ್ಲರ ನಂಬಿಕೆ. ಅತ್ತೆಯ ನಂಬಿಕೆಯೂ ಅದೇ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಹೊಸೂರಿನ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರು. ಅಲ್ಲೇ ಹತ್ತಿರದ ಆಲಸನತ್ತಂನಲ್ಲಿ ಒಂದು ಬಾಡಿಗೆ ಮನೆ ಮಾಡಿಕೊಂಡು ಒಬ್ಬಳೇ ಇದ್ದೆ. ಮನುಷ್ಯರ ಬಾಯಲ್ಲಿ ಎಂಥೆಂಥ ಬ್ಯಾಕ್ಟೀರಿಯಾ ಇರುತ್ತವೆಂದು ಬೋರ್ಡಿನ ಮೇಲೆ ಬರೆದು ತೋರಿಸಿ, ಮಕ್ಕಳು ಮುಖ ಕಿವುಚುವುದನ್ನು ನೋಡಿ ಖುಷಿಪಡುತ್ತಿದ್ದೆ. ಪೊಂಗಲ್ ರಜೆಗೆ ಬೇರಿಕೆಗೆ ಹೋದಾಗ ಅತ್ತೆಯ ಹೊಲದ ಕಣದಲ್ಲಿ ರಾಗಿ ತೂರುತ್ತಿದ್ದರು. ಗಾಳಿ ತಿರುಗಿತು, ನನ್ನ ಬಲಗಣ್ಣಿಗೆ ಏನೋ ಬಡಿಯಿತು. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಅನ್ನುವ ಹಾಗೆ, ಬೋರ್ಡಿನ ಮೇಲಿನ ಬ್ಯಾಕ್ಟೀರಿಯಾಗಳನ್ನೆಲ್ಲ ಮರೆತು ನಾನೂ ಅತ್ತೆಯ ತೊಡೆಯ ಮೇಲೆ ತಲೆ ಇಟ್ಟೆ.

ಆ ಗಳಿಗೆಯನ್ನು ಹೇಗೆ ಹೇಳಲಿ? ರೆಪ್ಪೆಯನ್ನು ಬೆರಳಿನಿಂದ ಹಿಡಿದಿದ್ದರಿಂದ ಕಣ್ಣು ಮುಚ್ಚುವ ಹಾಗಿರಲಿಲ್ಲ. ನಾಲಿಗೆ ಬರುವುದನ್ನು ನೋಡುತ್ತಲೇ ಇರಬೇಕು. ಬಿಸಿಯಾಗಿ, ಒರಟಾಗಿ ಅದು ಬೆಳಕನ್ನು ಮುಚ್ಚಿತು. ಅದು ಸರಿದಾಗ ನನಗೆ ಮೊದಲು ಕಂಡದ್ದು ಅತ್ತೆಯ ಬಿಳಿಗಣ್ಣು. ಅಷ್ಟು ಹತ್ತಿರದಿಂದ ಅದು ನನ್ನನ್ನಲ್ಲ, ನನ್ನ ಹಿಂದೆ ನಿಂತ ಯಾರನ್ನೋ ನೋಡುತ್ತಿದೆ ಅನ್ನಿಸಿತು. ಉಗುರಿನ ಮೇಲೆ ಚಿನ್ನದ ಬಣ್ಣದ ಒಂದು ಚೂರು ಹೊಟ್ಟು ಇತ್ತು. ನೋವು ಇಳಿಯಿತು, ಹೊಟ್ಟೆ ತುಂಬ ಉಂಡೆ.

ಹೊಸೂರಿಗೆ ಮರಳಿದ ಮೇಲೆ ಕಣ್ಣು ಕೆಂಡವಾಯಿತು. ರೆಪ್ಪೆ ಅಂಟಿಕೊಳ್ಳುವಷ್ಟು ಕೀವು. ಬೆಳಕು ಸೂಜಿಯಂತೆ ಚುಚ್ಚುತ್ತಿತ್ತು. ಒಂದು ಮಧ್ಯಾಹ್ನ ಮುಖ ಒರೆಸಿಕೊಳ್ಳುವಾಗ ಒಳ್ಳೆಯ ಕಣ್ಣಿಗೆ ಟವೆಲು ಅಡ್ಡ ಬಂತು. ಕಿಟಕಿಯ ಬಳಿ ಬಿಳಿ ಸೀರೆಯ ಹೆಂಗಸೊಬ್ಬಳು ನಿಂತಿದ್ದಳು. ಟವೆಲು ತೆಗೆದೆ, ಯಾರೂ ಇಲ್ಲ. ಮತ್ತೆ ಮುಚ್ಚಿದೆ, ಇದ್ದಾಳೆ. ನನಗೆ ಹೆದರಿಕೆಯಾಯಿತು. ವಿಜ್ಞಾನದ ಟೀಚರಿಗೆ ಹೆದರಿಕೆಯಾಗಬಾರದು ಎಂದೇನೂ ಇಲ್ಲವಲ್ಲ.

ಕೃಷ್ಣಗಿರಿಯ ಕಣ್ಣಿನ ಡಾಕ್ಟರಮ್ಮ ಹಳದಿ ಕಾಗದದ ಪಟ್ಟಿಯೊಂದನ್ನು ಕಣ್ಣಿಗೆ ತಾಗಿಸಿ, ಕೋಣೆ ಕತ್ತಲು ಮಾಡಿ, ನೀಲಿ ದೀಪ ಹಿಡಿದರು. ಆಮೇಲೆ ಕನ್ನಡಿ ಕೊಟ್ಟರು. ನನ್ನ ಕರಿಗುಡ್ಡೆಯ ನಡುವೆ ಹಸಿರು ಕಿಡಿಯೊಂದು ಹೊಳೆಯುತ್ತಿತ್ತು, ಒಳಗಿನಿಂದ ಯಾರೋ ದೀಪ ಹಿಡಿದ ಹಾಗೆ.

"ಇದು ಹುಣ್ಣು. ಬಣ್ಣ ಗಾಯದಲ್ಲಿ ಮಾತ್ರ ನಿಲ್ಲುತ್ತೆ. ಹೊಟ್ಟು ಗೀರಿ ಬಾಗಿಲು ತೆಗೆದಿದೆ, ಒಳಗೆ ಬಂದವರು ಬೇರೆ. ಕಸ ತೆಗೆದದ್ದು ಯಾರು?" ಅವರು ಕೇಳಿದ್ದು ತಮಿಳಿನಲ್ಲಿ, ನನ್ನ ನೆನಪಿನಲ್ಲಿ ಅದು ಕನ್ನಡದಲ್ಲೇ ಉಳಿದುಕೊಂಡಿದೆ. ಹೇಳಿದೆ. ಅವರು ಬೈಯಲಿಲ್ಲ, ಈ ಕಡೆಯವರ ನಾಲಿಗೆ ವೈದ್ಯ ಅವರಿಗೆ ಹೊಸದಲ್ಲ. ಹುಣ್ಣು ಇನ್ನೂ ಆಳಕ್ಕಿಳಿದರೆ ಕಣ್ಣು ತೂತಾಗುತ್ತದೆ, ಆಮೇಲೆ ದೇವರೂ ಉಳಿಸಲಾರ ಎಂದರು.

ಒಂದು ಹನಿ ಔಷಧಿ, ಒಂದು ಮುಲಾಮು ಕೊಟ್ಟರು. ಹಗಲು ರಾತ್ರಿ ಗಂಟೆಗೊಮ್ಮೆ ಹನಿ ಬಿಡಬೇಕು. ಮಾತ್ರೆ ನುಂಗಿದರೆ ಸಾಲದೇ ಎಂದು ಕೇಳಿದೆ. ಕರಿಗುಡ್ಡೆಗೆ ರಕ್ತನಾಳವೇ ಇಲ್ಲ, ನುಂಗಿದ್ದು ಅಲ್ಲಿಗೆ ಸಾಕಷ್ಟು ತಲುಪುವುದಿಲ್ಲ, ಮೇಲೆ ಬಿಟ್ಟದ್ದನ್ನು ಕಣ್ಣೀರು ತೊಳೆದುಬಿಡುತ್ತದೆ, ಅದಕ್ಕೇ ಪದೇ ಪದೇ ಬಿಡಬೇಕು ಎಂದರು. ಹನಿಯ ಮದ್ದು ಕ್ರಿಮಿಯ ಒಳಹೊಕ್ಕು, ಅದು ತನಗೆ ಬೇಕಾದ ಪ್ರೋಟೀನು ಮಾಡಿಕೊಳ್ಳುವ ಜಾಗದಲ್ಲೇ ಕೂತುಬಿಡುತ್ತದಂತೆ. ಕ್ರಿಮಿ ತಪ್ಪುತಪ್ಪಾಗಿ ಮಾಡಿಕೊಂಡು ತಾನೇ ಸಾಯುತ್ತದೆ. ಮುಲಾಮಿನ ಜಾತಿ ಬೇರೆ. ಅದು ಬಹುಪಾಲು ಕೊಲ್ಲುವುದಿಲ್ಲ, ಬೆಳೆಯದಂತೆ ಹಿಡಿದಿಡುತ್ತದೆ. ಹಿಡಿದಿಟ್ಟವನ್ನು ಮುಗಿಸುವುದು ನಮ್ಮ ಮೈಯ ಬಿಳಿ ರಕ್ತಕಣಗಳ ಪಾಲಿನ ಕೆಲಸ. ನೋವು ಹೋಯಿತೆಂದು ಮಧ್ಯೆ ನಿಲ್ಲಿಸಿದರೆ ಉಳಿದವು ಮತ್ತೆ ಏಳುತ್ತವೆ. ಹೊಸೂರಿನ ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸಿದೆ. ಸಾಯದೆ, ಬೆಳೆಯದೆ, ನನ್ನ ಕಣ್ಣಲ್ಲೇ ಸುಮ್ಮನೆ ಕಾಯುತ್ತಾ ಕೂತ ಜೀವಗಳು.

ಸುದ್ದಿ ತಿಳಿದು ಅತ್ತೆ ಬಂದಳು. ನನಗೋ ಮೂಗಿನ ತುದಿಯಲ್ಲೇ ಕೋಪ. "ನಿನ್ನ ನಾಲಿಗೆಯಿಂದ ಆದದ್ದು ಅತ್ತೆ ಇದು, ಡಾಕ್ಟರಮ್ಮನೇ ಹೇಳಿದ್ರು" ಎಂದುಬಿಟ್ಟೆ. ಆಕೆ ಗಂಟನ್ನು ಕೆಳಗಿಟ್ಟು, ಸೋಪು ಹಾಕಿ ಕೈ ತೊಳೆದು ಬಂದು, "ಕೊಡಿಲ್ಲಿ, ಮದ್ದ ನಾನೇ ಬುಡ್ತೀನಿ. ನೀನ್ ಸುಮ್ಕೆ ಮಲೀಕೊ" ಎಂದಳು.

ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ ಆ ಕೋಣೆಯಲ್ಲಿ ನಾವಿಬ್ಬರೇ ಇರುತ್ತಿದ್ದೆವು. ಮೂವರು ಎನ್ನಬೇಕೇನೋ. ಒಂದು ಹಗಲು ನಗುತ್ತಲೇ ಹೇಳಿದೆ, "ಅತ್ತೆ, ಈ ಕಣ್ಣಲ್ಲಿ ನೋಡಿದ್ರೆ ಯಾರೋ ಬಿಳಿ ಸೀರೆಯವಳು ನಿಂತ ಹಾಗೆ ಕಾಣ್ಸುತ್ತೆ."

ಹನಿ ಬಿಡುತ್ತಿದ್ದ ಆಕೆಯ ಕೈ ನಿಂತಿತು. "ಮೊಕ ಐತಾ?"

"ಇಲ್ಲ."

"ನೀನು ಕಣ್ ತಿರುಗಿಸಿದ್ರೆ ಅವ್ಳೂ ಸರೀತಾಳಾ?"

"ಹೂಂ."

"ತಲೆ ವಸಿ ಎಡಕ್ಕೆ ವಾಲಿಸ್ಕೊಂಡವ್ಳಾ?"

ನನ್ನ ನಗು ಅಲ್ಲೇ ಸತ್ತಿತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

"ಅಮ್ಮ ಕಣವ್ವಾ," ಎಂದಳು ಅತ್ತೆ, ದನಿ ತಗ್ಗಿಸಿ. "ಸಣ್ಣೋಳಿದ್ದಾಗ್ಲಿಂದ ನನ್ ಕಣ್ಣಾಗವ್ಳೆ. ಯಾರ್ ಮುಂದ್ಲೂ ಬಾಯ್ ಬುಟ್ಟಿಲ್ಲ. ಕಸ ತೆಗೆಯೋವಾಗ ಅವ್ಳನ್ನೇ ನೋಡ್ಕೊಂಡು ನಾಲ್ಗೆ ಇಕ್ಕೋದು."

ನನಗೆ ಕಾಣುವುದು ಹುಣ್ಣಿನ ಮಬ್ಬು ಎಂದು ಗೊತ್ತಿತ್ತು, ಆಕೆಗೆ ಕಾಣುವುದು ಹಳೆಯ ಕಲೆಯ ಮಬ್ಬು. ಆದರೂ ಇಬ್ಬರ ಮಬ್ಬೂ ಒಂದೇ ಕಡೆಗೆ ತಲೆ ವಾಲಿಸಿದ್ದು ಏಕೆಂದು ಇವತ್ತಿಗೂ ನನಗೆ ತಿಳಿಯದು.

ಅಂದಿನಿಂದ ಅತ್ತೆ ಪ್ರತಿ ಸಲವೂ ಮೊದಲು ಕಿಟಕಿಯ ಕಡೆ ಕೈ ಮುಗಿದು, "ತಪ್ಪಾಯ್ತು ತಾಯಿ, ಹೆಣ್ಣುಡುಗಿ ಕಣ್ಣು, ಬುಟ್ಬುಡು" ಎಂದು ಹೇಳಿ ಆಮೇಲೆ ಹನಿ ಬಿಡುತ್ತಿದ್ದಳು. ಒಂದು ಸಲವೂ ತಪ್ಪಿಸಲಿಲ್ಲ. ಬೆಳಗಾದರೆ ಕೇಳುತ್ತಿದ್ದಳು, "ಇನ್ನೂ ಅವ್ಳಾ?" ಮೊದಮೊದಲು ಇದ್ದಳು. ಆಮೇಲೆ ಅವಳ ಸೆರಗಿನ ಅಂಚು ತೆಳುವಾಯಿತು. ಆಮೇಲೆ ಅವಳ ಮೈಯ ಮೂಲಕ ಕಿಟಕಿಯ ಸರಳು ಕಾಣತೊಡಗಿತು. ನಾನು ಹೇಳಿದಾಗಲೆಲ್ಲ ಅತ್ತೆಯ ಮುಖದಲ್ಲಿ ಸಂತೋಷ ಬರುವುದು, ಅದರ ಹಿಂದೆಯೇ ಇನ್ನೇನೋ ಬಂದು ಅದನ್ನು ನುಂಗುವುದು.

ಒಂದು ಬೆಳಿಗ್ಗೆ ಎಡಗಣ್ಣು ಮುಚ್ಚಿ ನೋಡಿದೆ. ಕಿಟಕಿ ಇತ್ತು, ಅದರಾಚೆ ಹುಣಸೆ ಮರ ಇತ್ತು.

"ಅತ್ತೆ, ಅವಳು ಹೋದಳು," ಎಂದೆ. ಕೃಷ್ಣಗಿರಿಯಲ್ಲಿ ಮತ್ತೆ ನೀಲಿ ದೀಪ ಹಿಡಿದಾಗ ಹಸಿರು ಎಲ್ಲೂ ನಿಲ್ಲಲಿಲ್ಲ. ಕಣ್ಣು ಉಳಿಯಿತು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಅತ್ತೆಯನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ಮನೆಗೆ ಬಂದ ಮೇಲೆ ಆಕೆ ಹನಿಯ ಬಾಟಲಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

"ಮದ್ದಿಗೆ ಹೋಗ್ಬುಡೋಳು ಅಮ್ಮ ಹೆಂಗಾದಾಳವ್ವಾ?" ಎಂದಳು ಕೊನೆಗೆ. "ನಂಗೂ ಅವತ್ತು ಇದ್ನ ಬುಟ್ಟಿದ್ರೆ?"

ಆಕೆ ಮಗುವಾಗಿದ್ದಾಗ ಈ ಮದ್ದುಗಳು ಇರಲೇ ಇಲ್ಲ, ಇದ್ದರೂ ಸಿಡುಬಿನ ವೈರಸ್ಸಿಗೆ ಇವು ನಾಟುವುದಿಲ್ಲ, ಅದು ಬ್ಯಾಕ್ಟೀರಿಯಾ ಅಲ್ಲ ಎಂದು ಪಾಠ ಹೇಳಬಹುದಿತ್ತು.

"ನನ್ ಕಣ್ಗೂ ಒಂದ್ ತೊಟ್ಟು ಬುಡು."

ಮದ್ದು ಕೆಲಸ ಮಾಡುವುದು ಜೀವವಿರುವ ಕ್ರಿಮಿಯ ಮೇಲೆ, ಹಳೆಯ ಕಲೆಯ ಮೇಲಲ್ಲ. ಅದು ಗೊತ್ತಿದ್ದೂ ಆಕೆಯ ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು, ರೆಪ್ಪೆ ಬಿಡಿಸಿ, ಆ ಬಿಳುಪಿನ ಮೇಲೆ ಒಂದು ಹನಿ ಬಿಟ್ಟೆ. ಅತ್ತೆ ಎದ್ದು ಕೂತಳು. ಒಳ್ಳೆಯ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದಳು.

"ಇನ್ನೂ ಅಲ್ಲೇ ಅವ್ಳೆ," ಎಂದಳು. ಅಂಗೈ ತೆಗೆದು, ಮತ್ತೆ ಮುಚ್ಚಿ ನೋಡಿ, "ಈಗ ಅವ್ಳು ಯಾರು ಅಂತ ಗೊತ್ತಾಗ್ತಿಲ್ಲ ಕಣವ್ವಾ" ಎಂದಳು.