ಕ್ಯಾನಿಗೆ ಕಟ್ಟಿದ ಕರಿದಾರ

ನಾನು ಚಿಕ್ಕವನಿದ್ದಾಗಲೇ ದೊಡ್ಡ ಚಿಂತೆಗಾರ. ಬಂಗಾರಪೇಟೆ ಪಕ್ಕದ ನಮ್ಮೂರಿನ ಹಾಲನ್ನೆಲ್ಲ ಆಗ ಒಬ್ಬ ಸೈಕಲ್ ವ್ಯಾಪಾರಿ ಕೊಂಡು ಸ್ಟೇಷನ್ ಹೋಟೆಲುಗಳಿಗೆ ಒಯ್ಯುತ್ತಿದ್ದ. ಅಳತೆ ಅವನದೇ, ಬೆಲೆಯೂ ಅವನದೇ. ಸಾಕಾಗಿಹೋಗಿ ಊರವರೆಲ್ಲ ಸೇರಿ ತಮ್ಮದೇ ಹಾಲಿನ ಸಂಘ ಕಟ್ಟಿದರು. ಅಪ್ಪ ಅದರ ಅಧ್ಯಕ್ಷರು. ಎಲ್ಲರೂ ಕೂಡಿ ಕೊಂಡ ಅಲ್ಯೂಮಿನಿಯಂ ಕ್ಯಾನು ನಮ್ಮ ಜಗುಲಿಯ ಮೇಲೆ ಮದುಮಗನಂತೆ ಕೂತಿತ್ತು. ಯಾರಾದರೂ ಕದ್ದರೆ ಎಂದು ನಾನು ಅದರ ಪಕ್ಕದಲ್ಲೇ ಚಾಪೆ ಹಾಸಿದ್ದೆ.

ಮೊದಲ ದಿನ ಬೆಳಿಗ್ಗೆ ಮನೆಮನೆಯಿಂದ ಚೊಂಬು, ಬಿಂದಿಗೆಗಳು ಬಂದವು. ಬಿಸಿ ನೊರೆಯ ವಾಸನೆ, ಸಗಣಿಯ ವಾಸನೆ, ಹೊಂಗೆ ಹೂವಿನ ವಾಸನೆ. ಕ್ಯಾನು ತುಂಬಿತು. ಸಂಘದ ಹಾಲು ಒಯ್ಯಲು ಬಂದ ಡೈರಿಯ ಲಾರಿಯವನು ಮುಚ್ಚಳ ತೆಗೆದು ಮುಖ ಸಿಂಡರಿಸಿದ. ಹಾಲು ಬೂದು ಬಣ್ಣಕ್ಕೆ ತಿರುಗಿತ್ತು!

"ಏನ್ರೀ ಇದು, ಆಲೋ ಒಲೆ ಬೂದಿನೋ? ಸಾಯಂಕಾಲಾನೂ ಇಂಗೇ ಇದ್ರೆ ನಿಮ್ಮೂರ ಕಡೆ ಲಾರಿ ತಿರುಗ್ಸಲ್ಲ."

ನಮ್ಮೂರವರ ಬುದ್ಧಿಗೆ ಏನು ಹೇಳಲಿ! ಮನೆಯಿಂದ ಹೊರಗೆ ಹೋಗುವ ಹಾಲಿಗೆ ದೃಷ್ಟಿ ತಾಕದಿರಲೆಂದು ಒಂದು ಇದ್ದಿಲ ಚೂರು ಹಾಕುವುದು ರೂಢಿ. ಅಂದು ಎಲ್ಲರ ಕಣ್ಣೆದುರೇ ಸುರಿಯಬೇಕಲ್ಲ, ಒಬ್ಬರ ಕಣ್ಣಿಗೆ ಒಬ್ಬರು ಹೆದರಿ ಒಂದಕ್ಕೆ ನಾಲ್ಕು ಹಾಕಿದ್ದರು. ಅದೆಲ್ಲ ಕುಲುಕಿ ಪುಡಿಯಾಗಿತ್ತು.

"ಥೂ ನಿಮ್ಮ! ಸಂಗ ಕಟ್ಟಿದ್ದು ಆಲು ಮಾರಾಕಾ, ಇದ್ದಿಲು ಮಾರಾಕಾ?" ಅಪ್ಪ ಟವಲ್ ಕೊಡವಿದರು.

"ನಾನಾಕಿಲ್ಲಪ್ಪ, ಅವ್ರಾಕಿದ್ದು" ಎಂದು ಎಲ್ಲರೂ ಎಲ್ಲರನ್ನೂ ತೋರಿಸಿದರು.

ಬೇಲಿಗೆ ಸೈಕಲ್ ಒರಗಿಸಿ ನೋಡುತ್ತಿದ್ದ ವ್ಯಾಪಾರಿ ಬೀಡಿ ಹಚ್ಚಿದ. "ಸಾಯಂಕಾಲ ಬತ್ತೀನಿ ಬುಡಣ್ಣಾ. ಬೇಕಾದ್ರೆ ಕ್ಯಾನೂ ನಂಗೇ ಮಾರ್ಬುಡಿ."

ನಾನು ಓಡಿಹೋಗಿ ಕ್ಯಾನನ್ನು ತಬ್ಬಿಕೊಂಡೆ. ಆ ಹಾಲು ಕರುಗಳ ಪಾಲಾಯಿತು. ಅಕ್ಕ ಕ್ಯಾನು ಉಜ್ಜುತ್ತಾ ಗೊಣಗಿದಳು: "ಇದ್ರೊಳಕ್ಕೆ ಸುರಿದ್ಮೇಲೆ ಯಾರ್ದು ಯಾವ ಆಲು ಅಂತ ಯಾರ್ಗಪ್ಪಾ ಗೊತ್ತಾಯ್ತದೆ? ಕಣ್ಣು ಬಿದ್ರೆ ಕ್ಯಾನಿಗೇ ತಾನೆ ಬೀಳಾದು? ಇದ್ದಿಲ್ನ ಅದುಕ್ಕೇ ಕಟ್ಟು!"

ಅಪ್ಪ ಅವಳ ಮುಖವನ್ನೇ ನೋಡಿದರು. ಆಮೇಲೆ ಕರಿದಾರಕ್ಕೆ ಇದ್ದಿಲು, ಒಣಮೆಣಸಿನಕಾಯಿ ಪೋಣಿಸಿ ಎಲ್ಲರೆದುರು ಕ್ಯಾನಿನ ಹಿಡಿಗೆ ಕಟ್ಟಿದರು. ಸಾಯಂಕಾಲ ಒಬ್ಬೊಬ್ಬರೂ ಗಂಟು ಗಟ್ಟಿಯಾಗಿದೆಯೇ ಎಂದು ಎಳೆದು ನೋಡಿಯೇ ಹಾಲು ಸುರಿದರು. ಹಾಲು ಬೆಳ್ಳಗಿತ್ತು. ಲಾರಿಯವನು ಮುಚ್ಚಳ ತೆಗೆದು ನೋಡಿ ನಮ್ಮ ಕ್ಯಾನನ್ನು ಕರಿದಾರದ ಸಮೇತ ಏರಿಸಿಕೊಂಡ. ವ್ಯಾಪಾರಿ ಖಾಲಿ ಸೈಕಲ್ ತಳ್ಳಿಕೊಂಡು ಹೋದ. ನಾನೋ, ಮೆಣಸಿನಕಾಯಿ ಒಳಗೆ ಬಿದ್ದರೆ ಗತಿಯೇನೆಂದು ಹೊಸ ಚಿಂತೆ ಹಚ್ಚಿಕೊಂಡೆ.

ಮಕ್ಕಳೇ, ನಿಮ್ಮ ಹಾಲು ಪ್ಯಾಕೆಟ್ಟಿನಲ್ಲಿ ಬಾಗಿಲಿಗೇ ಬರುತ್ತದೆ. ಅದಕ್ಕೆ ಯಾರ ದೃಷ್ಟಿಯೂ ತಾಕುವುದಿಲ್ಲ. ಇದು ನಮ್ಮದು, ಕಣ್ಣು ಬಿದ್ದೀತು ಎಂದು ಹೆದರುವವರೂ ಇಲ್ಲ. ಪ್ಯಾಕೆಟ್ ಕತ್ತರಿಸಿ ಸುರಿದು ಈ ತಾತ ಪಾತ್ರೆಯೊಳಗೆ ಅಷ್ಟು ಹೊತ್ತು ಏನು ಇಣುಕುತ್ತಾನೆ ಎಂದು ನಗುತ್ತೀರಲ್ಲ, ಒಂದು ಕರಿ ಚೂರಿಗಾಗಿ ಕಣ್ರೋ.