ಹೊಸ ಕಪ್ತಾನ, ಹಳೆಯ ಕಿರೀಟ

ಭತ್ತದ ಹೊಟ್ಟಿನ ಧೂಳು ಬಿಸಿಯಾದರೆ ಹುರಿದ ಹಿಟ್ಟಿನಂಥ ಒಂದು ವಾಸನೆ ಬರುತ್ತದೆ. ಕಳೆದ ತಿಂಗಳು ರಾಯಚೂರಿನ ಪೇಟೆಯಲ್ಲಿ ಫೋನು ಸರಿಮಾಡಿಸಲು ರಿಪೇರಿ ಅಂಗಡಿಯೊಂದರ ಮುಂದೆ ನಿಂತಿದ್ದಾಗ ಅದು ತಟ್ಟನೆ ಮೂಗಿಗೆ ಬಡಿಯಿತು. ಅಂಗಡಿಯವನು ಯಾರದೋ ಹಳೆಯ ಡಬ್ಬಾ ಟಿ.ವಿ.ಯ ಬೆನ್ನು ಬಿಚ್ಚಿ ಚಾಲೂ ಮಾಡಿ ಇಟ್ಟಿದ್ದ. ಒಳಗೆ ಬೆರಳು ದಪ್ಪ ಧೂಳು. ರೈಸ್ ಮಿಲ್ಲಿನ ಹತ್ತಿರದ ಮನೆಯ ಟಿ.ವಿ.ಯೇ ಇರಬೇಕು ಎಂದುಕೊಂಡೆ. ಅಷ್ಟರಲ್ಲಿ ನನ್ನ ಫೋನಿಗೆ ಜೀವ ಬಂದು ಮೆಸೇಜುಗಳು ಒಂದರ ಮೇಲೊಂದು ಬೀಳತೊಡಗಿದವು. ‘ಧ್ರುವನೌಕೆ’ ಧಾರಾವಾಹಿಯ ಅಭಿಮಾನಿಗಳ ನಮ್ಮ ಗುಂಪಿನಲ್ಲಿ ಯುದ್ಧ ಶುರುವಾಗಿತ್ತು. ನಕ್ಷತ್ರಗಳ ನಡುವೆ ದಾರಿ ಹುಡುಕುತ್ತ ಹೋಗುವ ಒಂದು ಹಡಗಿನ ಕಥೆ ಅದು; ನಾನು ಹುಟ್ಟಿದಾಗಿನಿಂದ ನಡೆದೇ ಇದೆ. ಈಗ ಅದರ ಕಪ್ತಾನನ ಪಾತ್ರಕ್ಕೆ ಐದನೆಯ ನಟ ಬರುತ್ತಾನಂತೆ. ದೇವದುರ್ಗದ ಒಬ್ಬ ಮೇಷ್ಟ್ರು “ಇನ್ನು ನಾ ನೋಡಂಗಿಲ್ಲ, ಮುಗೀತು” ಎಂದು ಬರೆದಿದ್ದರು. ಕಾಲೇಜಿನ ಒಬ್ಬ ಹುಡುಗಿ “ಹೋದ ಸಲಾನೂ ಹಿಂಗ ಅಂದಿದ್ರಿ ಸರ್” ಎಂದು ಚುಚ್ಚಿದ್ದಳು. ನಾನು ಅಂಗಡಿಯ ಮುಂದೆ ನಿಂತು ಆ ವಾಸನೆಯನ್ನು ಉಸಿರೆಳೆದುಕೊಂಡು ಎರಡನೆಯ ಕಪ್ತಾನ ಬಂದ ವರ್ಷಕ್ಕೆ ಹೊರಟುಹೋದೆ.

ನಮ್ಮ ಮನೆ ರೈಸ್ ಮಿಲ್ಲಿನ ಹಿಂದಿನ ಸಾಲಿನಲ್ಲಿತ್ತು. ಅಪ್ಪ ಅದೇ ಮಿಲ್ಲಿನಲ್ಲಿ ಫಿಟ್ಟರ್. ಈಗ ಅಲ್ಲಿ ಗೋದಾಮು ಎದ್ದಿದೆ. ನಾವು ಮಲಗುತ್ತಿದ್ದ ಪಡಸಾಲೆ ಯಾವ ಗೋಡೆಯ ಕೆಳಗೆ ಹೋಯಿತೆಂದು ಲೆಕ್ಕ ಹಾಕಲು ಎರಡು ಸಲ ಹೋಗಿ ಎರಡು ಬೇರೆ ಬೇರೆ ಉತ್ತರ ತಂದಿದ್ದೇನೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು ನಾನು. ಎರಡು ಸಾಕ್ಷಿ ಇಲ್ಲದ್ದನ್ನು ನಂಬಬಾರದೆಂದು ಕಲಿತು, ಅದನ್ನು ಊರೂರು ಅಲೆದು ಹುಡುಗರಿಗೂ ಕಲಿಸಿ, ಕೊನೆಗೆ ನನ್ನ ಬಾಲ್ಯದ ಮೇಲೂ ಅದೇ ಅನುಮಾನ ಹರಡಿಕೊಂಡಿದ್ದೇನೆ. ಆದರೂ ಕೆಲವಕ್ಕೆ ಅಕ್ಕ ಸಾಕ್ಷಿ. ಟಿ.ವಿ. ನಮ್ಮ ಮನೆಯಲ್ಲಿತ್ತು, ಅದರ ಆಂಟೆನಾ ಪಕ್ಕದ ಮೆಹಬೂಬ್ ಚಾಚಾನ ಮಾಳಿಗೆಯ ಮೇಲಿತ್ತು ಎಂಬುದು ಅಂಥದ್ದು. ಅವರ ಮಾಳಿಗೆ ನಮ್ಮದಕ್ಕಿಂತ ಎತ್ತರ. ಚಾಚಾ ಪೇಟೆಯಲ್ಲಿ ಬಳೆ ಮಾರುವವರು. ಭಾನುವಾರ ಸಂಜೆ ಮಿಲ್ಲಿನ ಸದ್ದು ನಿಂತ ಮೇಲೆ ಅವರು ಮಾಳಿಗೆ ಹತ್ತಿ ಕೊಳವೆ ತಿರುಗಿಸುತ್ತ ಕೂಗುವರು: “ಬಂತೇನ್ರೀ?” ಅಕ್ಕ ನೀಲಾ ಒಳಗಿನಿಂದ, “ಇಲ್ಲ ಚಾಚಾ, ಬರೇ ನುಚ್ಚು!” ಮತ್ತೆ, “ಈಗ?” “ಬಂತು, ಬಂತು, ಇಳೀರಿ!” ಪರದೆಯ ಮೇಲಿನ ಬಿಳಿಯ ನುಚ್ಚು ಕರಗಿ ನಕ್ಷತ್ರಗಳಾಗುತ್ತಿತ್ತು.

ಅಜ್ಜ ಬಸಣ್ಣ ಆ ಹೊತ್ತಿಗೆ ರುಮಾಲು ಸುತ್ತಿಕೊಂಡು ಬಂದು ಕಂಬಕ್ಕೆ ಒರಗಿ ಕೂಡುತ್ತಿದ್ದ. ಯಾವ ಆಟದ ಮುಂದೆಯೂ ಬರಿದಲೆಯಲ್ಲಿ ಕೂಡಬಾರದೆಂಬುದು ಅವನ ನೇಮ. ಅವನು ದೇವದುರ್ಗದ ಕಡೆಯ ಅರಕೇರಾದವನು, ದೊಡ್ಡಾಟದ ಕಲಾವಿದ. ಬಯಲಲ್ಲಿ ಅಟ್ಟ ಕಟ್ಟಿ, ಮುಖಕ್ಕೆ ಅರದಾಳದ ಹಳದಿ ಬಣ್ಣ ಬಳಿದು, ಹಾಡಿ ಕುಣಿದು ಆಡುವ ಆ ಆಟದಲ್ಲಿ ಮೂವತ್ತು ವರ್ಷ ಅವನದು ಒಂದೇ ಪಾರ್ಟು: ರಾಜ. ನಮ್ಮೊಂದಿಗೆ ರಾಯಚೂರಿಗೆ ಬಂದ ಮೇಲೂ ವರ್ಷಕ್ಕೊಮ್ಮೆ ಆಟಕ್ಕೆಂದು ಊರಿಗೆ ಹೋಗುತ್ತಿದ್ದ. ಅವನ ಕಿರೀಟ ನಮ್ಮ ಅಟ್ಟದ ಮೇಲೆ, ಅವ್ವನ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಇರುತ್ತಿತ್ತು. ಮೊದಲ ಕಪ್ತಾನನನ್ನು ಅಜ್ಜ ಮೆಚ್ಚಿದ್ದು ಅವನ ನಡಿಗೆಗೆ. ಆ ಕಪ್ತಾನನಿಗೆ ಒಂದು ಅಭ್ಯಾಸವಿತ್ತು. ಹುಕುಂ ಕೊಡುವ ಮೊದಲು ಎದುರಿನ ಯಂತ್ರದ ಗಾಜನ್ನು ತೋಳಿನ ಅಂಚಿನಿಂದ ಒಮ್ಮೆ ಒರೆಸುತ್ತಿದ್ದ. “ನೋಡ್ರಿ, ಮಾತಿಗಿಂತ ಮೊದಲ ಕೈ ಮಾತಾಡ್ತದ” ಎನ್ನುತ್ತಿದ್ದ ಅಜ್ಜ.

ಹಾಗಿರುವಾಗ ಒಂದು ಭಾನುವಾರ, ಒಂದು ಮಾತಿನ ಮುನ್ಸೂಚನೆಯೂ ಇಲ್ಲದೆ, ಆ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದ. ಅದೇ ನೀಲಿ ಕೋಟು. ಹಡಗಿನ ಜನವೆಲ್ಲ ಏನೂ ಆಗಿಲ್ಲವೆಂಬಂತೆ ಅವನನ್ನು ಕಪ್ತಾನ ಎಂದು ಕರೆಯುತ್ತಿದ್ದರು. ಅಕ್ಕ ಎದ್ದು ನಿಂತು, “ಇವ ಯಾವ?” ಎಂದಳು, ಬಾಗಿಲಲ್ಲಿ ಕಳ್ಳನನ್ನು ಕಂಡವಳಂತೆ. ಆ ಸಂಜೆಯ ವಾದ ಈಗಲೂ ಕಿವಿಯಲ್ಲಿದೆ, ಅಥವಾ ಅದನ್ನು ನಾನೇ ಕಟ್ಟಿಕೊಂಡಿದ್ದೇನೆ.

“ಅರೇ, ಕುರ್ಚಿ ಅದ, ಕೋಟು ಅದ, ಜಹಾಜ ಅದ,” ಎಂದರು ಚಾಚಾ. “ಮತ್ತೇನ್ ಬೇಕವ್ವಾ ನಿನಗ?”

“ನಾಳಿ ನಿಮ್ಮ ಅಂಗಡ್ಯಾಗ ಬ್ಯಾರೆ ಯಾರರೆ ಕುಂತು ನಾನಽ ಮೆಹಬೂಬ್ ಅಂದ್ರ?”

“ಬಳಿ ಛಲೋ ತೊಡಿಸಿದ್ರ ಸಾಕು, ಮಂದಿ ನನ್ನ ಮುಖಾ ನೋಡಾಕ ಬರ್ತಾರೇನು? ನಕ್ಕೋ ಬೇಟಾ, ಸುಮ್ಮನ ಅಳಬ್ಯಾಡ. ಹಳಬ ದಣದಿದ್ದ. ಓಡಬೇಕಾದ್ರ ಉಸಿರು ಹತ್ತತಿತ್ತು, ನೀ ನೋಡಿಲ್ಲೇನು? ಎಷ್ಟಂತ ಕುರ್ಚಿ ಹಿಡಕೊಂಡು ಕುಂದರ್ತಾನ?”

ಅಜ್ಜ ಎದ್ದು ಹೋಗಿ ಟಿ.ವಿ. ಆರಿಸಿಬಿಟ್ಟ. “ದಣದಿದ್ದ ಅಂತ ಯಾರಿಗೆ ಹೇಳಿದ್ದ ಅವ?” ಎಂದು ಚಾಚಾನ ಕಡೆ ತಿರುಗಿ ಕೇಳಿದ. ಚಾಚಾಗೆ ಏನೂ ತಿಳಿಯಲಿಲ್ಲ. ಅದೇ ವಾರ ಅರಕೇರಾದಿಂದ ನಾಲ್ಕು ಮಂದಿ ಹಿರಿಯರು ನಮ್ಮ ಮನೆಗೆ ಬಂದು, ಚಹಾ ಕುಡಿದು, ಬಹಳ ಹೊತ್ತು ನೆಲ ನೋಡಿ, ಈ ವರ್ಷ ರಾಜನ ಪಾರ್ಟು ಹನುಮಂತನಿಗೆ ಬಿಡಬೇಕೆಂದು ಅಜ್ಜನನ್ನು ಕೇಳಿ ಹೋಗಿದ್ದರು. ಹನುಮಂತ ಅವನ ಶಿಷ್ಯನೇ, ಗಾರೆ ಕೆಲಸದವನು. ಹಿಂದಿನ ವರ್ಷದ ಆಟದಲ್ಲಿ ಅಜ್ಜನಿಗೆ ಉಸಿರು ಸಿಗದೆ ಒಂದು ಪದ, ಎಂದರೆ ಆಟದ ಹಾಡು, ಅರ್ಧಕ್ಕೇ ನಿಂತಿತ್ತಂತೆ. ಅಜ್ಜ ಅವರಿಗೆ ಹೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ. ಇದೆಲ್ಲ ಮನೆಯ ಒಳಗಿನ ಮಾತು, ಚಾಚಾನವರೆಗೆ ಹೋಗಿರಲಿಲ್ಲ.

ಮುಂದಿನ ಭಾನುವಾರ ಚಾಚಾ ಮಾಳಿಗೆ ಹತ್ತಲಿಲ್ಲ. ಗಾಳಿಗೆ ಆಂಟೆನಾ ತಿರುಗಿ ಪರದೆ ತುಂಬ ನುಚ್ಚು. ಅಕ್ಕ ಪಣ ತೊಟ್ಟವಳಂತೆ ಆ ನುಚ್ಚನ್ನೇ ಅರ್ಧ ತಾಸು ನೋಡಿದಳು. “ಹೊಸ ಕಪ್ತಾನನಕಿಂತ ಇದಽ ಛಲೋ ಅದ” ಎಂದಳು. ಆಮೇಲೆ ಅವ್ವ ಒಂದು ತಟ್ಟೆ ಮಂಡಾಳು ಒಗ್ಗರಣೆ ಹಿಡಿದು ಚಾಚಾನ ಮನೆಗೆ ಹೋಗಿ ಏನೋ ಹೇಳಿ ಬಂದಳು. ಮೂರನೆಯ ಭಾನುವಾರ ಮಾಳಿಗೆಯಿಂದ “ಬಂತೇನ್ರೀ?” ಕೇಳಿಸಿತು. ಇಳಿದು ಬಂದ ಚಾಚಾ ಅಜ್ಜನ ಪಕ್ಕದಲ್ಲೇ ಕೂತು, “ಕಾಕಾ, ನಾ ಟಿ.ವಿ.ದು ಅಂದಿದ್ದು” ಎಂದಷ್ಟೇ ಹೇಳಿದರು. ಅಜ್ಜ ಅಡಿಕೆಯ ಚೀಲ ಅವರ ಕಡೆ ಸರಿಸಿದ.

ಅವತ್ತು ಹಡಗು ದಾರಿ ತಪ್ಪಿತ್ತು. ಎಲ್ಲರೂ ಹೊಸಬನ ಬಾಯಿ ನೋಡುತ್ತಿದ್ದರು. ಅವನು ತಡೆದ. ಆಮೇಲೆ ತೋಳಿನ ಅಂಚಿನಿಂದ ಎದುರಿನ ಗಾಜನ್ನು ನಿಧಾನವಾಗಿ ಒರೆಸಿದ. ಅಕ್ಕ ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. “ನೋಡ್ಯಾನ,” ಎಂದ ಅಜ್ಜ, ಯಾರಿಗೋ ಅಲ್ಲ, ತನಗೇ. “ಮಗಾ ಹಳಬನ್ನ ಕಣ್ಣಿಟ್ಟು ನೋಡ್ಯಾನ.”

ಮರುದಿನ ಬೆಳಿಗ್ಗೆ ಅಟ್ಟದಿಂದ ಕಿರೀಟ ಇಳಿಯಿತು. ಅಜ್ಜ ಅದರ ಕನ್ನಡಿ ಚೂರುಗಳನ್ನು ಹುಣಸೆಹಣ್ಣಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒಂದೊಂದಾಗಿ ಒರೆಸುತ್ತ, ಅವರ ಆಟದ ಒಂದು ಪದ್ಧತಿ ಹೇಳಿದ. ಪಾರ್ಟು ಕೈ ಬದಲಾಗುವಾಗ ಹಳಬನೇ ಹೊಸಬನ ತಲೆಗೆ ಕಿರೀಟದ ದಾರ ಬಿಗಿಯಬೇಕು. ಬಿಗಿದು ಮನೆಗೆ ಹೋಗುವಂತಿಲ್ಲ. ಹಿಂದೆ ಹಿಮ್ಮೇಳದವರ ಸಾಲಿನಲ್ಲಿ ಕೂತು, ಹೊಸ ರಾಜ ಹಾಡಿದ ಪದಕ್ಕೆ ಬೆಳಗಿನವರೆಗೆ ದನಿ ಕೂಡಿಸಬೇಕು. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಅರಕೇರಾದಲ್ಲಿ ಮಾತ್ರ ಇದ್ದೀತು, ಅಥವಾ ಅವನ ಮೇಳದಲ್ಲಿ ಮಾತ್ರ. “ದಾರ ಕಟ್ಟತೀನಿ,” ಎಂದ ಅಜ್ಜ. “ಹಿಂದ ಮಾತ್ರ ಕುಂದ್ರಂಗಿಲ್ಲ. ಮೂವತ್ತು ವರ್ಷ ಮುಂದ ನಿಂತಾವ ನಾ.”

ಹನ್ನೆರಡು ವರ್ಷದ ಅಕ್ಕ ಜಡೆಯ ತುದಿ ಕಚ್ಚುತ್ತ ಹೇಳಿದಳು: “ಯಜ್ಜಾ, ಹಳೇ ಕಪ್ತಾನ ಹೇಳದ ಕೇಳದ ಹೋಗಿಬಿಟ್ಟ, ಅದಕ್ಕಽ ನನಗ ಸಿಟ್ಟು. ಅವ ಅದಽ ಹಡಗಿನ್ಯಾಗ ಒಂದು ಮೂಲ್ಯಾಗ ಕುಂತಿದ್ರ, ನಾ ಹೊಸಬನ್ನ ಮೊದಲನೇ ದಿನಾನಽ ಒಪ್ಪತಿದ್ದೆ.” ಅಜ್ಜನ ಕೈ ಕನ್ನಡಿಯ ಮೇಲೆ ನಿಂತಿತು.

ಆಟದ ದಿನ ನಾವೆಲ್ಲ ಅರಕೇರಾಕ್ಕೆ ಹೋದೆವು. ಚಾಚಾ ಕೂಡ, ಬಳೆಯ ಪೆಟ್ಟಿಗೆ ಬಿಟ್ಟು. ಹೊತ್ತು ಮುಳುಗುವಾಗ ಬಣ್ಣ ಹಚ್ಚಿಕೊಳ್ಳುವ ಗುಡಿಸಲಿನಲ್ಲಿ ಅರದಾಳ ಮತ್ತು ಕೊಬ್ಬರಿ ಎಣ್ಣೆಯ ಕಟುವಾದ ವಾಸನೆ. ಹನುಮಂತನ ಕೆನ್ನೆಯ ಹಳದಿಯ ಮೇಲೆ ಬೆವರು ಹನಿಗಟ್ಟಿತ್ತು. ಅಜ್ಜ ಅವನ ಹಿಂದೆ ನಿಂತು ಕಿರೀಟದ ದಾರವನ್ನು ಮೂರು ಸುತ್ತು ಸುತ್ತಿ ಬಿಗಿದ. “ಬಿಗಿ ಆತೇನ್ಲೇ?” “ಆಗೇದ್ರಿ.” “ಆಗಲಿ. ಸಡ್ಲ ಇದ್ರ ನಡಕ ಜಾರತದ. ನನಗೂ ಹಂಗಽ ಬಿಗದಿದ್ರು.” ಇಷ್ಟನ್ನು ನಾನು ಕಂಡದ್ದು ಖಂಡಿತ. ಆದರೆ ಆಮೇಲಿನದು? ನನ್ನ ನೆನಪಿನಲ್ಲಿ ಬೆಳಗಿನ ಬೂದು ಬೆಳಕು, ಹಿಮ್ಮೇಳದ ಸಾಲಿನ ತುದಿಯಲ್ಲಿ ರುಮಾಲು ಸುತ್ತಿದ ಅಜ್ಜ, ಕೊರಳ ನರ ಉಬ್ಬಿಸಿ ಹಾಡುತ್ತಿದ್ದಾನೆ. ಇದನ್ನು ಹೇಳಿದರೆ ಅಕ್ಕ ಈಗಲೂ ನಗುತ್ತಾಳೆ. “ನೀ ಮೊದಲನೇ ಪದಕ್ಕಽ ನನ್ನ ತೊಡಿ ಮ್ಯಾಲ ಮಕ್ಕೊಂಡಿ. ಬಸ್ಸಿನ್ಯಾಗ ಹಾಕಿದಾಗಽ ಎಚ್ಚರ.” ಅವಳೂ ಅಜ್ಜನನ್ನು ಹಿಮ್ಮೇಳದಲ್ಲಿ ಕಂಡಿಲ್ಲ, ಹೆಣ್ಣುಮಕ್ಕಳ ಕಡೆಯಿಂದ ಮದ್ದಳೆಯವನ ಬೆನ್ನಷ್ಟೇ ಕಾಣುತ್ತಿತ್ತಂತೆ. ಅಜ್ಜ ಅದರ ಬಗ್ಗೆ ಎಂದೂ ಮಾತಾಡಲಿಲ್ಲ. ಅಪ್ಪ, ಅವ್ವ, ಚಾಚಾ, ಕೇಳಬಹುದಾಗಿದ್ದವರೆಲ್ಲ ನಾನು ಅನುಮಾನಿಸುವಷ್ಟು ದೊಡ್ಡವನಾಗುವ ಹೊತ್ತಿಗೆ ಒಬ್ಬೊಬ್ಬರಾಗಿ ಹೋಗಿದ್ದರು. ಅಜ್ಜ ಹಿಂದೆ ಕೂತನೋ, ಇಲ್ಲ ದಾರ ಕಟ್ಟಿ ಕತ್ತಲಲ್ಲಿ ಎದ್ದುಹೋದನೋ? ನನ್ನ ಹೆಮ್ಮೆಯೆಲ್ಲ ಈ ಒಂದು ಪ್ರಶ್ನೆಯ ಮೇಲೆ ಕೂತಿತ್ತು, ಮತ್ತು ಅದಕ್ಕೆ ಒಂದು ಸಾಕ್ಷಿಯೂ ಇರಲಿಲ್ಲ.

ಹನುಮಂತನೊಬ್ಬನನ್ನು ಮಾತ್ರ ಎಂದೂ ಕೇಳಿಲ್ಲವೆಂಬುದು ರಿಪೇರಿ ಅಂಗಡಿಯ ಮುಂದೆ ಹೊಳೆಯಿತು; ಅಲ್ಲಿಂದ ನಾನು ಮನೆಗೆ ಹೋಗಲಿಲ್ಲ. ದೇವದುರ್ಗದ ಬಸ್ಸು ಹಿಡಿದು ಅರಕೇರಾಕ್ಕೆ ಹೋದೆ. ಹನುಮಂತ ಈಗ ಮುದುಕ. ಬೇವಿನ ನೆರಳಲ್ಲಿ ಇಬ್ಬರು ಹುಡುಗರಿಗೆ ಹೆಜ್ಜೆ ಹೇಳಿಕೊಡುತ್ತಿದ್ದ. ನನ್ನ ಗುರುತು ಹತ್ತಿದ ಮೇಲೆ ನೇರವಾಗಿ ಕೇಳಿದೆ: ಆ ದಿನ ಅಜ್ಜ ಹಿಂದೆ ಕೂತದ್ದನ್ನು ನೀವು ನೋಡಿದಿರಾ?

“ನೋಡಿಲ್ಲಪ,” ಎಂದ. ನನ್ನ ಮುಖ ಇಳಿದಿರಬೇಕು. ಅವನು ಕೈಯೆತ್ತಿ ತಡೆದ. “ರಾಜ ಆದಾಂವ ಮಂದಿಗೆ ಬೆನ್ನು ಮಾಡಿ ಹಿಂದ ತಿರುಗಿ ನೋಡಂಗಿಲ್ಲ. ನಿಮ್ಮಜ್ಜನಽ ಕಲಿಸಿದ್ದು. ಆದ್ರ ಕೇಳ ಇಲ್ಲೆ. ಬೆಳ್ಳಂಬೆಳಗಾಗ ನನಗ ಒಂದು ಪದ ಮರ್ತಹೋತು. ಬಾಯಿ ಒಣಗಿ ನಿಂತೆ. ಹಿಂದಿಂದ ಬಂತು ನೋಡು ದನಿ, ಹರದ ದನಿ, ಉಸಿರು ಇಲ್ಲ, ಆದ್ರ ಪದ ಪೂರಾ ಹಾಡಿದ. ಹೋದ ವರ್ಷ ಅರ್ಧಕ್ಕ ನಿಂತಿತ್ತಲ್ಲ, ಅದಽ ಪದ. ಆ ದನಿ ನನಗ ಗೊತ್ತಿಲ್ಲೇನು?” ಆಮೇಲೆ ಹುಡುಗರ ಕಡೆ ಗದ್ದ ತೋರಿಸಿ, “ಈಗ ನಾ ಹಿಂದ ಕುಂದರ್ತೀನಿ,” ಎಂದ. ಆ ಮಾತಿನಲ್ಲಿ ದುಃಖವಿರಲಿಲ್ಲ.

ಕಂಡವರು ಇನ್ನೂ ಯಾರೂ ಇಲ್ಲ. ಕೇಳಿದವನೊಬ್ಬ ಇದ್ದಾನೆ. ನನ್ನ ವಿದ್ಯೆ ಇದನ್ನು ಅರ್ಧ ಸಾಕ್ಷಿ ಎನ್ನುತ್ತದೆ. ನಾನು ಬಸ್ಸಿನ ಕಿಟಕಿಗೆ ತಲೆಯಿಟ್ಟು ಅದನ್ನು ಪೂರ್ತಿಯಾಗಿ ಇಟ್ಟುಕೊಂಡೆ. ಉಸಿರಿಲ್ಲದ ಮುದುಕನೊಬ್ಬ ತನ್ನನ್ನು ಸೋಲಿಸಿದ್ದ ಪದವನ್ನು ಬೇರೊಬ್ಬನ ಕಿರೀಟಕ್ಕಾಗಿ ಹಾಡಿ ಮುಗಿಸಿದ ಮನೆತನ ನನ್ನದು. ಆ ಮನೆಯಲ್ಲಿ ಒಂದು ಧಾರಾವಾಹಿಯ ನಟನ ಬಗ್ಗೆ ಎರಡು ಮನೆಯವರು ಜಗಳಾಡಿದ್ದರು, ಒಬ್ಬ ಹುಡುಗಿಯ ಮಾತನ್ನು ಹಿರಿಯನೊಬ್ಬ ಕಿವಿಗೆ ಹಾಕಿಕೊಂಡಿದ್ದ.

ಗುಂಪಿನಲ್ಲಿ ಯುದ್ಧ ಇನ್ನೂ ನಡೆದಿತ್ತು. ನಾನು ಬರೆದೆ: “ಹೊಸಬ ಹೆಂಗರೆ ಇರಲಿ. ಹಳಬನ್ನ ಎಲ್ಲಿ ಕುಂದ್ರಿಸ್ಯಾರ?” ಮೇಷ್ಟ್ರು ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಸ್ವಲ್ಪ ಹೊತ್ತಿಗೆ ಮಾನ್ವಿಯಿಂದ ಅಕ್ಕನ ಫೋನು. ಗುಂಪಿನಲ್ಲಿ ಅವಳೂ ಇದ್ದಾಳೆ, ಎಂದೂ ಏನೂ ಬರೆಯುವುದಿಲ್ಲ. ಹನುಮಂತ ಹೇಳಿದ್ದನ್ನೆಲ್ಲ ಹೇಳಿದೆ. ಅಷ್ಟರಲ್ಲಿ ಬಸ್ಸು ಗುಡ್ಡದ ಮರೆಗೆ ಬಂದು ಫೋನಿನಲ್ಲಿ ಬರೀ ಗೊರಗೊರ ಸದ್ದು, ಹಳೆಯ ನುಚ್ಚಿನದೇ ಸದ್ದು. ಅದರೊಳಗಿಂದ ಅಕ್ಕ ಕೂಗಿ ಕೇಳಿದಳು, “ಅಜ್ಜನ ದನಿ ಅವತ್ತ ನಿನಗೂ ಬಂತೇನೋ, ನನ್ನ ತೊಡಿ ಮ್ಯಾಲ, ನಿದ್ದ್ಯಾಗ?”

“ಬಂತು,” ಎಂದೆ. “ಬಂತು, ಬಂತು.”